ಬೆನ್ನು ಹಾಕಿದ ಮೂರು ಮೂಲಗಳು

ಬಿ ಸೆಕ್ಷನ್ನಿನ ಇಪ್ಪತ್ತಾರು ಮಂದಿ ಸರಿಯಾದ ಉತ್ತರ ಬರೆದಿದ್ದರು. ನಯಾಜ ಇಪ್ಪತ್ತಾರು ಮಂದಿಗೂ ಸೊನ್ನೆ ಹಾಕಿದ.

ಅದು ಶನಿವಾರ. ರಾಣೇಬೆನ್ನೂರಿನ ಒಂದು ಖಾಸಗಿ ಡಿಗ್ರಿ ಕಾಲೇಜು. ಬಿ.ಎಸ್ಸಿ. ಮೊದಲ ವರ್ಷದ ಇಂಟರ್ನಲ್ ಪರೀಕ್ಷೆ, ಗಣಿತ, ಐದು ಅಂಕದ ಏಳನೇ ಪ್ರಶ್ನೆ: −2+2i ಎಂಬ ಸಂಕೀರ್ಣ ಸಂಖ್ಯೆಯ ಮೂರು ಘನಮೂಲಗಳನ್ನು ಕಂಡುಹಿಡಿಯಿರಿ. ಪ್ರಶ್ನೆ ತೆಗೆದವನು ನಯಾಜ. ಉತ್ತರದ ಕೀ ಬರೆದವನೂ, ಎರಡೂ ಸೆಕ್ಷನ್ನಿನ ಪೇಪರು ತಿದ್ದಿದವನೂ ಅವನೇ. ಅವನು ಕಲಿಸುವ ಎ ಸೆಕ್ಷನ್ನಿನವರು ಕೀಯಲ್ಲಿದ್ದಂತೆಯೇ ಬರೆದಿದ್ದರು, ಐದಕ್ಕೆ ಐದು. ಬಿ ಸೆಕ್ಷನ್ನಿನವರು ಕೀಯಲ್ಲಿಲ್ಲದ ಮೂರು ಉತ್ತರ ಬರೆದಿದ್ದರು, ಎಲ್ಲರೂ ಅದೇ ಮೂರು. ನಯಾಜ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದ. ಪೇಪರಿನ ಕಟ್ಟನ್ನು ಪ್ರಿನ್ಸಿಪಾಲರ ಟೇಬಲ್ಲಿನ ಮೇಲಿಟ್ಟ. ಸಂಜೆಯ ಗಾಡಿ ಹಿಡಿದು ತನ್ನೂರು ಬ್ಯಾಡಗಿಗೆ ಹೋದ.

ಬಿ ಸೆಕ್ಷನ್ನಿಗೆ ಕಲಿಸುವವಳು ತರನ್ನುಮ. ಇಬ್ಬರೂ ಅದೇ ಕಾಲೇಜಿನ ಅತಿಥಿ ಉಪನ್ಯಾಸಕರು. ಎಂಟು ತಿಂಗಳಿಂದ ನಯಾಜನ ಎದೆಯಲ್ಲಿ ಬೇರೆ ಯಾವ ಲೆಕ್ಕಕ್ಕೂ ಜಾಗ ಬಿಡದಂತೆ ಕೂತವಳು ಅವಳೇ.

ಶುರುವಾಗಿದ್ದು ರೈಲಿನಲ್ಲಿ. ಅವಳು ಹಾವೇರಿಯಲ್ಲಿ ಹತ್ತುತ್ತಿದ್ದಳು, ಅವನು ಬ್ಯಾಡಗಿಯಲ್ಲಿ. ತನ್ನ ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟಿರುತ್ತಿದ್ದಳು. ಯಾರಾದರೂ ಕೇಳಿದರೆ "ಮಂದಿ ಬರತಾರ್ರಿ" ಅನ್ನುತ್ತಿದ್ದಳು. ಮಂದಿ ಅಂದರೆ ಒಬ್ಬನೇ. ಅವನು ಬಂದು ನಿಂತರೆ ಅವಳು ಕಿಟಕಿಯಾಚೆ ನೋಡುತ್ತಲೇ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವಳು, ಅವನು ಬಂದದ್ದು ತನಗೆ ಗೊತ್ತೇ ಇಲ್ಲವೆಂಬಂತೆ. ತುಟಿಯ ತುದಿ ಮಾತ್ರ ಗುಟ್ಟು ಬಿಟ್ಟುಕೊಡುತ್ತಿತ್ತು.

ಅಲ್ಲಿಂದ ರಾಣೇಬೆನ್ನೂರಿಗೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕೊಂದು ಆಟ ಇತ್ತು. ಅವನು ಒಂದು ಸಂಖ್ಯೆ ಹೇಳಬೇಕು. ಅವನು ಯಾವ ದಾರಿಯಲ್ಲಿ ಅದರ ಮೂಲ ಹುಡುಕುತ್ತಾನೋ ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಅವಳು ಹುಡುಕಬೇಕು. ಸೋತವರು ಸ್ಟೇಷನ್ನಿನ ಹೊರಗೆ ಮಂಡಕ್ಕಿಯ ಗಿರಮಿಟ್ಟು ಕೊಡಿಸಬೇಕು.

"3+4i, ವರ್ಗಮೂಲ," ಎಂದು ಅವನು ಕ್ಯಾಲ್ಕುಲೇಟರಿಗಾಗಿ ಚೀಲಕ್ಕೆ ಕೈ ಹಾಕುವನು. ಉದ್ದ ತೆಗೆ, ಕೋನ ತೆಗೆ, ಕೋನವನ್ನು ಅರ್ಧ ಮಾಡು: ಅದು ಅವನ ದಾರಿ. ಅವಳು ಧೂಳು ಹಿಡಿದ ಕಿಟಕಿ ಗಾಜಿನ ಮೇಲೆ ಬೆರಳಾಡಿಸುವಳು. x ವರ್ಗದಿಂದ y ವರ್ಗ ಕಳೆದರೆ ಮೂರು. ಎರಡನ್ನೂ ಕೂಡಿಸಿದರೆ ಐದು. ಹಾಗಾದರೆ x ಎರಡು, y ಒಂದು. "2+i, ಇಲ್ಲಾಂದ್ರ ಎರಡಕ್ಕೂ ಮೈನಸ್. ಮೆಷಿನ್ ಹೊರಗ ಬಂತೇನ್ರಿ ನಯಾಜ ಸರ್?"

"ಬರಾಕತ್ತೈತಿ."

"ಬರಲಿ ಬರಲಿ, ಗಿರಮಿಟ್ಟಿಗೆ ಉಳ್ಳಾಗಡ್ಡಿ ಜಾಸ್ತಿ ಹಾಕಸ್ರಿ." ಆಮೇಲೆ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನೀವು ನಿಮ್ಮೂರ ಮೆಣಸಿನಕಾಯಿ ಹಂಗ ಅದೀರಿ. ಬಣ್ಣಾ ನೋಡಿದ್ರ ಹೆದರಿಕಿ. ಖಾರಾ ಮಾತ್ರ ಇಲ್ಲ."

"ರುಚಿ ನೋಡದ ಹೇಳಬಾರದ್ರಿ ಮೇಡಂ."

ಅವಳು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ದಿನ ರಾಣೇಬೆನ್ನೂರು ಇಷ್ಟು ಬೇಗ ಯಾಕೆ ಬಂತೆಂದು ನಯಾಜನಿಗೆ ರೈಲ್ವೆ ಇಲಾಖೆಯ ಮೇಲೆಯೇ ಸಿಟ್ಟು ಬಂದಿತ್ತು.

ಅವಳು ಸುಮ್ಮನೆ ಗೆಲ್ಲುತ್ತಿರಲಿಲ್ಲ. ಎ ಸೆಕ್ಷನ್ ಅಂದರೆ ಪೇಟೆಯ ಅಂಗಡಿಕಾರರ, ಡಾಕ್ಟರರ ಮಕ್ಕಳು. ಬಿ ಅಂದರೆ ಗುತ್ತಲ, ಹೊಸರಿತ್ತಿ, ಕದರಮಂಡಲಗಿ ಕಡೆಯಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವವರು. ನಡುವಿನ ಗೋಡೆ ಒಂದೇ. ಆ ಕಡೆ ಫ್ಯಾನು ತಿರುಗುತ್ತಿತ್ತು, ಈ ಕಡೆ ಫ್ಯಾನಿನ ಕೊಂಡಿ ಮಾತ್ರ ಇತ್ತು. ಎ ಸೆಕ್ಷನ್ನಿನ ಎಲ್ಲರ ಬಳಿ ಕ್ಯಾಲ್ಕುಲೇಟರ್ ಇತ್ತು. ಬಿಯಲ್ಲಿ ನಾಲ್ಕು ಮಂದಿಗೆ ಒಂದು. ಹಾಗಾಗಿ ತರನ್ನುಮ ಯಂತ್ರವೇ ಬೇಡದ ದಾರಿ ಹುಡುಕಿಕೊಂಡಿದ್ದಳು.

"ಮೂರು ಕಲ್ಲಿನ ಒಲಿ ಹೂಡೀರಿಲ್ಲೋ?" ಎಂದು ತರಗತಿಯಲ್ಲಿ ಕೇಳುವಳು. "ಮೊದಲನೇ ಕಲ್ಲು ಇಟ್ಟ ಮ್ಯಾಲೆ ಉಳದ ಎರಡು ಎಲ್ಲಿ ಕುಂದ್ರಬೇಕು ಅನ್ನೂದು ಆಗಲೇ ಠರಾವ್ ಆಗಿರತೈತಿ, ಹೌದಿಲ್ಲೋ? ಘನಮೂಲನೂ ಹಂಗ. ಒಂದನ್ನ ಕೈಲೇ ಹುಡುಕ್ರಿ. ಉಳದ ಎರಡು ಅದ ದುಂಡಿನ ಮ್ಯಾಲೆ, ಸಮ ಅಂತರದಾಗ ಇರತಾವ. ಕಡೀಕ, ಸಿಕ್ಕದ್ದನ್ನ ಮೂರು ಸಲ ಗುಣಿಸಿ ನೋಡ್ರಿ. ತಿರುಗಿ ಮೊದಲಿನ ಸಂಖ್ಯೆನ ಬಂತಂದ್ರ ಯಾರಪ್ಪಗೂ ಅಂಜಬ್ಯಾಡ್ರಿ."

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಚೀಲ ಎತ್ತಿಕೊಂಡಳು. ನಯಾಜ ಕೂತ. ಹೊಸ ಸಂಖ್ಯೆ ಹೊಳೆಯಲಿಲ್ಲ, ತಲೆಯಲ್ಲಿದ್ದದ್ದನ್ನೇ ಹೇಳಿಬಿಟ್ಟ. "−2+2i. ಘನಮೂಲ."

"ಅಯ್ಯ, ಇದು ಪೇಪರಿನಾಗಿಂದ ಐತಲ್ರಿ! ಬಿಡ್ರಿ, ಇದನ್ನೂ ಮಾಡಿ ತೋರಸ್ತೀನಿ." ಅವಳ ಬೆರಳು ಗಾಜಿನ ಮೇಲೆ ಓಡಿತು. "ಉದ್ದ ನೋಡಿದ್ರ, x ವರ್ಗ ಕೂಡಿಸು y ವರ್ಗ ಎರಡು ಬರಬೇಕು. ಅಂದ್ರ ಒಂದು, ಒಂದು. ಮೈನಸ್ಸು ಪ್ಲಸ್ಸು ಹಚ್ಚಿ ನಾಕು ಸಲ ನೋಡಿದ್ರ ಮುಗೀತು. 1+i. ಅದರ ವರ್ಗ 2i. ಮತ್ತೊಮ್ಮೆ 1+i ಲೇ ಗುಣಿಸ್ರಿ, 2i ಮೈನಸ್ ಎರಡು. ಬಂತಿಲ್ಲೋ ನಿಮ್ಮ ಸಂಖ್ಯೆ?"

ಬಂದಿತ್ತು. ಧೂಳಿನಲ್ಲಿ ಎರಡೇ ಸಾಲು. ಅದರಾಚೆ ಮೆಕ್ಕೆಜೋಳದ ಹೊಲ ಹಿಂದಕ್ಕೆ ಓಡುತ್ತಿತ್ತು.

ನಯಾಜನ ಕಿವಿಗಳು ಬಿಸಿಯಾದವು. ಕೀಯಲ್ಲಿ ಅವನು ಬರೆದದ್ದು −1−i.

ಪ್ರಶ್ನೆಯ −2+2i ಇರುವುದು ಎಡಕ್ಕೆ ಎರಡು ಹೆಜ್ಜೆ, ಮೇಲಕ್ಕೆ ಎರಡು ಹೆಜ್ಜೆ. ಕೋನ ನೂರಾ ಮೂವತ್ತೈದು. ಕೀ ಬರೆಯುವಾಗ ಅವನು ಎರಡನ್ನು ಮೈನಸ್ ಎರಡರಿಂದ ಭಾಗಿಸಿ ಕೋನದ ಗುಂಡಿ ಒತ್ತಿದ್ದ, ಕ್ಯಾಲ್ಕುಲೇಟರ್ ಮೈನಸ್ ನಲವತ್ತೈದು ಅಂದಿತ್ತು. ಮೈನಸ್ ಎಡಗಡೆಯದೋ ಕೆಳಗಡೆಯದೋ ಯಂತ್ರಕ್ಕೆ ತಿಳಿಯದು. "ಮೊದಲು ಚಿತ್ರಾ ತಗೀರಿ, ಆಮ್ಯಾಲೆ ಗುಂಡಿ ಒತ್ರಿ" ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುವವನು ಅವನೇ. ಆ ದಿನ ಅವನೇ ಚಿತ್ರ ತೆಗೆದಿರಲಿಲ್ಲ, ಅವನ ಎ ಸೆಕ್ಷನ್ನಿನವರೂ ಬರೀ ಗುಂಡಿಯನ್ನೇ ನಂಬಿದ್ದರು. ಕೋನ ಅರ್ಧ ಸುತ್ತು ತಪ್ಪಿತ್ತು. ಅವನ ಮೂರೂ ಮೂಲಗಳು ಸರಿಯಾದ ಮೂರು ಮೂಲಗಳಿಗೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು.

ಇಪ್ಪತ್ತಾರು ಪೇಪರಿನಲ್ಲೂ ಉತ್ತರದ ಕೆಳಗೆ ಈ ಎರಡು ಸಾಲು ಇದ್ದವು ಎಂಬುದು ಈಗ ಅವನಿಗೆ ನೆನಪಾಯಿತು. ಓದಿರಲಿಲ್ಲ. ಅವುಗಳ ಮೇಲೆಯೇ ಕೆಂಪು ಗೆರೆ ಎಳೆದಿದ್ದ.

"ನಮ್ಮ ಹುಡುಗರು ಇದನ್ನ ಭಾಳ ಚಂದ ಬರದಾರ್ರಿ," ಅಂದಳು ತರನ್ನುಮ. ಅವಳ ಕಣ್ಣಲ್ಲಿ ಹೆಮ್ಮೆ ಹೊಳೆಯುತ್ತಿತ್ತು. "ಪರೀಕ್ಷಾ ದಿನ ನಾನ ರೂಮಿನಾಗ ಇದ್ದೆ. ಗುತ್ತಲದ ಸುರೇಖಾ ಅಂತೂ ಮೂರು ಕಲ್ಲಿನ ಚಿತ್ರಾನ ತಗದಾಳ. ಪೇಪರ್ ನೋಡೀರಿ?"

"ಇನ್ನೂ ಇಲ್ರಿ," ಅಂದ ನಯಾಜ.

ಅಷ್ಟು ಸಲೀಸಾಗಿ ಬಂದ ಸುಳ್ಳನ್ನು ಕೇಳಿ ಅವನಿಗೇ ದಿಗಿಲಾಯಿತು.

ಕಾಲೇಜಿಗೆ ಕಾಲಿಡುತ್ತಲೇ ಇಬ್ಬರಿಗೂ ಕರೆ ಬಂತು. ಪ್ರಿನ್ಸಿಪಾಲ್ ಹಾಲಸಿದ್ದಪ್ಪನವರು ಕೆಮಿಸ್ಟ್ರಿಯವರು. ಇಪ್ಪತ್ತಾರು ಪೇಪರನ್ನು ಟೇಬಲ್ಲಿನ ಮೇಲೆ ಹರವಿಕೊಂಡಿದ್ದರು.

"ಮೇಡಂ, ತಪ್ಪು ಮಾಡಾಕೂ ಒಬ್ಬೊಬ್ಬರಿಗೆ ಒಂದೊಂದು ದಾರಿ ಇರತೈತಿ. ಇಪ್ಪತ್ತಾರು ಮಂದಿ ಒಂದ ತಪ್ಪು ಮಾಡ್ಯಾರಂದ್ರ ಏನರ್ಥ? ರೂಮಿನಾಗ ಇದ್ದವರು ನೀವು. ನೀವ ಹೇಳಿಕೊಟ್ಟೀರಿ."

ತರನ್ನುಮ ಒಂದು ಪೇಪರು ಎತ್ತಿಕೊಂಡಳು. ಸೊನ್ನೆ ನೋಡಿದಳು. ಇನ್ನೊಂದು ಎತ್ತಿಕೊಂಡಳು. ಆ ಕೆಂಪು ಅಕ್ಷರ ಯಾರದೆಂದು ಅವಳಿಗೆ ಗೊತ್ತಿತ್ತು. ಗಿರಮಿಟ್ಟಿನ ಕಾಗದದ ಮೇಲೆ ಅದೇ ಕೈ ಎಷ್ಟೋ ಸಲ ಅವಳ ಹೆಸರು ಬರೆದು ಕೊಟ್ಟಿತ್ತು.

"ತಪ್ಪಲ್ರಿ ಸರ್ ಇದು. ಸರಿ ಐತಿ."

"ಹಳ್ಳಿ ಹುಡುಗರ್ರೀ ಅವು. ಮಗ್ಗಿ ಸುದ್ದಾ ನೆಟ್ಟಗ ಬರಾಂಗಿಲ್ಲ. ಒಮ್ಮಿಂದೊಮ್ಮೆಲೆ ಇಪ್ಪತ್ತಾರು ಮಂದಿ ಶಾಣ್ಯಾ ಆದರು ಅಂದ್ರ ನಂಬಬೇಕೇನು ನಾ?"

"ಹಳ್ಳ್ಯಾಗ ಹುಟ್ಟಿದ್ದಕ್ಕ ಗಣಿತ ಬರಬಾರದು ಅಂತ ಎಲ್ಲೆರೆ ಬರದೈತೇನ್ರಿ? ಕೀ ತಗೀರಿ ಸರ್. ನೋಡೋಣು."

"ಕೀ ಮಾಡಿದವರು ಇಲ್ಲೇ ನಿಂತಾರಲ್ಲ." ಹಾಲಸಿದ್ದಪ್ಪ ಕುರ್ಚಿ ತಿರುಗಿಸಿದರು. "ನಯಾಜ ಸರ್, ಕೀ ಸರಿ ಐತಿಲ್ಲೋ?"

ತರನ್ನುಮ ತಿರುಗಿ ಅವನನ್ನು ನೋಡಿದಳು. ಕೆಂಪು ಗೆರೆ ಅವನದೇ ಆದರೂ ಈಗ ಅವನು ನಿಜ ಹೇಳುತ್ತಾನೆಂಬುದರಲ್ಲಿ ಆ ನೋಟಕ್ಕೆ ಅನುಮಾನದ ಒಂದು ಎಳೆಯೂ ಇರಲಿಲ್ಲ. ಚೀಲ ಎತ್ತಿ ಜಾಗ ಬಿಟ್ಟುಕೊಡುವಾಗಿನ ನೋಟ ಅದು: ಬರ್ರಿ, ನಿಮ್ಮ ಜಾಗ ಐತಿ ಅನ್ನುವಂಥದ್ದು.

ನಯಾಜ ನೆಲ ನೋಡಿದ. ಎ ಸೆಕ್ಷನ್ನಿನ ತಂದೆತಾಯಿಗಳು ಕಣ್ಣ ಮುಂದೆ ಬಂದರು. ಕೀ ತಪ್ಪಿದ ಮೇಷ್ಟ್ರು ಎಂಬ ಹೆಸರು ಬಂತು. ಮುಂದಿನ ಸೆಮಿಸ್ಟರಿಗೆ ಬಾರದೇ ಹೋಗಬಹುದಾದ ಕರೆ ಕಣ್ಣಿಗೆ ಕಟ್ಟಿತು. ಶುಕ್ರವಾರ ನಮಾಜಿನ ನಂತರ ಅಮ್ಮಿ ಹಾವೇರಿಗೆ, ತರನ್ನುಮಳ ಅಬ್ಬಾ ಕುತುಬುದ್ದೀನ ಸಾಬರ ಮನೆಗೆ, ಹೆಣ್ಣು ಕೇಳಲು ಹೊರಟಿರುವುದೂ ನೆನಪಿಗೆ ಬಂತು. ಕೆಲಸ ಕಳಕೊಂಡವನ ಕಡೆಯಿಂದ ಯಾವ ಮುಖ ಹೊತ್ತು ಹೋಗುತ್ತಾಳೆ?

"ಐತ್ರಿ ಸರ್," ಅಂದ.

ತರನ್ನುಮ ಕೈಯಲ್ಲಿದ್ದ ಪೇಪರನ್ನು ಉಳಿದವುಗಳ ಜೊತೆ ಅಂಚಿಗೆ ಅಂಚು ಹೊಂದಿಸಿ ಇಟ್ಟಳು. ನಾಳೆ ಬಿ ಸೆಕ್ಷನ್ನಿನ ಎದುರು ತಪ್ಪೊಪ್ಪಿಗೆ ಪತ್ರ ಓದಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಹಾಲಸಿದ್ದಪ್ಪ ಹೇಳುತ್ತಿದ್ದಾಗಲೂ ಅವಳು ನಯಾಜನ ಕಡೆ ಮತ್ತೆ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸಂಜೆ ಬ್ಯಾಡಗಿಯ ಮನೆಯಲ್ಲಿ ಅವನ ಅಮ್ಮಿ ಗುಲಾಬಬಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಮಗ ಬಂದವನು ಕೈಕಾಲು ತೊಳೆಯದೆ ಹೊಸ್ತಿಲಿಗೇ ಕುಳಿತ.

"ಬೇಟಾ, ಶುಕ್ರವಾರಕ್ಕ ಯಾವ ಮಿಠಾಯಿ ಒಯ್ಯೋಣು? ಆ ಹುಡುಗೀಗೆ ಏನು ಸೇರತೈತಿ, ನಿನಗ ಗೊತ್ತಿರಬೇಕಲ್ಲ," ಎಂದು ಛೇಡಿಸಿದಳು.

"ಶುಕ್ರವಾರ ಹೋಗೂದು ಬ್ಯಾಡ ಅಮ್ಮಿ."

ಅವಳ ಕೈ ನಿಂತಿತು. ನಯಾಜ ಹೇಳಿದ. ಕೋನ, ಘನಮೂಲ ಅವಳಿಗೆ ತಿಳಿಯಲಿಲ್ಲ. ಮಗ ತಪ್ಪು ಮಾಡಿದ, ಆ ತಪ್ಪು ಹುಡುಗಿಯ ತಲೆಯ ಮೇಲೆ ಬಿತ್ತು, ಅವಳ ಎದುರಿಗೇ ಇವನು ಸುಳ್ಳು ಹೇಳಿದ ಎಂಬುದು ತಿಳಿಯಿತು. ಅಷ್ಟು ಸಾಕಾಯಿತು.

"ನಾಕು ಮಂದಿ ಮುಂದ ತಪ್ಪು ಕಬೂಲ್ ಮಾಡಾಕ ಬಾಯಿ ಬರಲಾರದವ, ನಿಕಾಹದಾಗ ಮೂರು ಸಲ ಕಬೂಲ್ ಅಂತ ಹ್ಯಾಂಗ ಅಂತೀಯೋ?" ಅಂದಳು ಗುಲಾಬಬಿ. ಆಮೇಲೆ ತಲೆ ಎತ್ತದೆ, "ಕೈ ತೊಳಕೊಂಡ ಬಾ. ಘಾಟು ಐತಿ, ಕಣ್ಣೀಗೆ ಒತ್ತಿಕೋಬ್ಯಾಡ."

ಅವನು ಮೆಣಸಿನಕಾಯಿ ಮುಟ್ಟಿಯೇ ಇರಲಿಲ್ಲ.

ಮಂಗಳವಾರ ಅವಳ ಪಕ್ಕದಲ್ಲಿ ಚೀಲ ಇರಲಿಲ್ಲ. ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಕೂತಿದ್ದಳು. ನಯಾಜ ಎದುರಿಗೆ ಕಂಬಿ ಹಿಡಿದು ನಿಂತ.

"ಮೇಡಂ."

ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಈ ಸಲ ತುಟಿಯ ತುದಿಯಲ್ಲಿ ಗುಟ್ಟೇನೂ ಇರಲಿಲ್ಲ.

"ಕೀ ತಪ್ಪೈತ್ರಿ. ನಾನ ತಪ್ಪು ಮಾಡೇನಿ."

"ಗೊತ್ತೈತಿ," ಅಂದಳು ಹೊರಗೇ ನೋಡುತ್ತ. "ಮೈನಸ್ ನಲವತ್ತೈದು ತಗೊಂಡೀರಿ. ನಿನ್ನೆ ಮನಿಗೆ ಹೋಗಿ ನಿಮ್ಮ ದಾರೀಲೇ ಮಾಡಿ ನೋಡಿದೆ. ನಿಮ್ಮ ಮೂರೂ ಉತ್ತರ ಸಿಕ್ಕವು. ಯಾವಾಗ ತಿಳೀತು ನಿಮಗ?"

"ನೀವು ಗಾಜಿನ ಮ್ಯಾಲೆ ಬರದಾಗ."

"ಅಂದ್ರ ಆಫೀಸಿಗೆ ಹೋಗೂಕಿಂತ ಮೊದಲ." ಈಗ ಅವಳು ತಿರುಗಿದಳು. ಕಣ್ಣು ಕೆಂಪಾಗಿದ್ದವು. "ತಪ್ಪು ಯಾರಿಗಿಲ್ರಿ? ನಾ ಸಾವಿರ ಸಲ ಮಾಡೇನಿ. ಅದಕ್ಕ ನನಗ ಸಿಟ್ಟಿಲ್ಲ. ಐತ್ರಿ ಸರ್ ಅಂದ್ರಲ್ಲ, ಆ ಮಾತು... ನಿಮ್ಮ ಧ್ವನೀ ಎಷ್ಟು ಸಣ್ಣಾಗಿತ್ತು ಅಂದ್ರ, ನಿಮಗಿಂತ ನನಗ ನಾಚಿಗಿ ಬಂತು. ಇಂಥವ್ರಿಗೆ ನಾ ಎಂಟು ತಿಂಗಳು ಸೀಟು ಹಿಡದೆ ಅಂತ."

ಅಜ್ಜಿ ಇಬ್ಬರನ್ನೂ ನೋಡಿದಳು.

"ಶುಕ್ರವಾರ ಅಮ್ಮಿ ನಿಮ್ಮ ಮನಿಗೆ ಬರಾಕಿ ಇದ್ಲು," ಅಂದ. "ಕೇಳಾಕ. ನಿಮ್ಮ ಕೂಡ ಇಪ್ಪತ್ತು ನಿಮಿಷ ನನಗ ಸಾಲವಲ್ದು ಅಂತ. ಆ ಆಸೇಕ್ಕ ನೌಕರಿ ಉಳಿಸ್ಕೊಳ್ಳಾಕ ಹೋಗಿ ನಿಮ್ಮನ್ನ ಬಲಿ ಕೊಟ್ಟೆ. ಇದನ್ನ ಪ್ರೀತಿ ಅನ್ನಾಕ ನನಗ ಬಾಯಿಲ್ಲ. ಆದ್ರ ಖರೇ ಅಂದ್ರ ಅದನ."

ಅವಳ ರೆಪ್ಪೆ ಒಮ್ಮೆ ನಡುಗಿತು. ಮೆಲ್ಲಗೆ ಅಂದಳು: "ಇಲ್ಲಿ ಹೇಳಿದ್ರ ಏನು ಬಂತು? ಸೊನ್ನೆ ಬಿದ್ದದ್ದು ರೈಲಿನಾಗ ಅಲ್ಲ."

"ತಂಗಿ, ಪಾಪ, ಹುಡುಗಗ ಕುಂದ್ರಾಕ ಜಾಗಾ ಮಾಡಿಕೊಡ್ಲೇನ?" ಅಂದಳು ಅಜ್ಜಿ ಬುಟ್ಟಿ ಸರಿಸುತ್ತ.

"ಬ್ಯಾಡಬೇ ಅಮ್ಮಾ," ಅಂದಳು ತರನ್ನುಮ. "ನಿಂದ್ರೂದು ಕಲೀಲಿ."

ಬಿ ಸೆಕ್ಷನ್ನಿನಲ್ಲಿ ಅವತ್ತು ಯಾರೂ ಗದ್ದಲ ಮಾಡುತ್ತಿರಲಿಲ್ಲ. ಮೇಡಂ ಏನೋ ಪತ್ರ ಓದುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಹಾಲಸಿದ್ದಪ್ಪ ಇನ್ನೂ ಬಂದಿರಲಿಲ್ಲ. ತರನ್ನುಮ ಖಾಲಿ ಕೈಯಲ್ಲಿ ಬಾಗಿಲ ಬಳಿ ನಿಂತಿದ್ದಳು. ಪತ್ರ ಬರೆದುಕೊಂಡು ಬಂದಿರಲಿಲ್ಲ.

ನಯಾಜ ಅವಳನ್ನು ದಾಟಿ ಒಳಗೆ ಹೋದ. ಬೋರ್ಡಿನ ಎಡಗಡೆ ತನ್ನ ಕೀಯನ್ನು ಪೂರ್ತಿ ಬರೆದ. ಬಲಗಡೆ ಚಿತ್ರ ತೆಗೆದ: ಎಡಕ್ಕೆ ಎರಡು, ಮೇಲಕ್ಕೆ ಎರಡು, ಕೋನ ನೂರಾ ಮೂವತ್ತೈದು; ಪಕ್ಕದಲ್ಲಿ ಮೂಲಗಳ ವೃತ್ತ, ಅದರ ಮೇಲೆ ಎರಡು ಚುಕ್ಕೆ. ಮೈನಸ್ ನಲವತ್ತೈದಕ್ಕೆ ಕೆಂಪು ಸೀಮೆಸುಣ್ಣದಿಂದ ಸುತ್ತು ಹಾಕಿದ. ಸುತ್ತು ದುಂಡಗಾಗಲಿಲ್ಲ.

"ಏಳನೇ ಪ್ರಶ್ನೆಗೆ ನೀವು ಇಪ್ಪತ್ತಾರು ಮಂದಿ ಬರದದ್ದು ಸರಿ ಐತಿ. ನಾ ಬರದ ಕೀ ತಪ್ಪೈತಿ. ನಿಮಗ ಯಾರೂ ಹೇಳಿಕೊಟ್ಟಿಲ್ಲ, ನಿಮ್ಮ ಮೇಡಂ ಕಲಿಸ್ಯಾರ. ನಿನ್ನೆ ಪ್ರಿನ್ಸಿಪಾಲರು ಕೇಳಿದಾಗ ಕೀ ಸರಿ ಐತಿ ಅಂತ ನಾ ಸುಳ್ಳು ಹೇಳಿದೆ. ಗೊತ್ತಿದ್ದೂ ಹೇಳಿದೆ."

ಇಪ್ಪತ್ತಾರು ಮುಖಗಳು ಅವನನ್ನೇ ನೋಡುತ್ತಿದ್ದವು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದ. ಅದು ಬಿಡಲಿಲ್ಲ.

ಮೂರನೇ ಬೆಂಚಿನಿಂದ ಸುರೇಖಾ ಎದ್ದಳು. "ಸರ್, ಹಂಗಾರ ನಿಮಗೆಷ್ಟು ಮಾರ್ಕ್ಸ್ ರಿ?"

"ಸೊನ್ನೆ."

"ಸ್ಟೆಪ್ಸಿಗರೆ ಒಂದು ಹಾಕ್ರಿ ಪಾಪ," ಅಂದಿತು ಹಿಂದಿನ ಬೆಂಚು. ತರಗತಿ ಹೋ ಎಂದು ನಕ್ಕಿತು. ನಯಾಜನಿಗೂ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು.

ತರನ್ನುಮ ಒಳಗೆ ಬಂದಳು. ಬೋರ್ಡನ್ನು ಅವನ ಪೇಪರಿನಂತೆ ಓದಿದಳು. "ಸರಿಯಾದ ಕೋನ ಬರದೀರಿ. ಮೂರು ಮೂಲದಾಗ ಕಡೀದು ಬಿಟ್ಟೀರಲ್ರಿ," ಎಂದು ಅವನ ಬೆರಳ ನಡುವಿನಿಂದ ಸೀಮೆಸುಣ್ಣ ತೆಗೆದುಕೊಂಡಳು. ಬೆರಳು ತಾಗಿತು, ಅವಳು ಅವಸರ ಮಾಡಲಿಲ್ಲ. ವೃತ್ತದ ಮೇಲೆ, ಇನ್ನೂರಾ ಎಂಬತ್ತೈದು ಡಿಗ್ರಿಯಲ್ಲಿ, ಒಂದು ಚುಕ್ಕೆ ಇಟ್ಟಳು. ಬೋರ್ಡಿನ ಕಡೆ ಮುಖ ಮಾಡಿಕೊಂಡೇ, ಅವನಿಗಷ್ಟೇ ಕೇಳುವಂತೆ ಅಂದಳು:

"ನಾ ಇನ್ನೂ ಹೂಂ ಅಂದಿಲ್ಲ. ಶುಕ್ರವಾರ ಬರಬ್ಯಾಡ್ರಿ ಅಂತನೂ ಅಂದಿಲ್ಲ."

ಅಷ್ಟರಲ್ಲಿ ಹಾಲಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದರು. ಬೋರ್ಡು ನೋಡಿದರು. ತಿಳಿಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು:

"ಎ ಸೆಕ್ಷನ್ನಿನವರ ಐದು ಹೋಗಿ ಸೊನ್ನೆ ಆತಂದ್ರ ಕಮಿಟಿಯವರಿಗೆ ಯಾರು ಉತ್ತರಾ ಕೊಡಬೇಕು? ಕೇಳ್ರಿಲ್ಲೆ. ಪ್ರಶ್ನೆ ಪ್ರಿಂಟ್ ಮಿಸ್ಟೇಕ್ ಆಗೈತಿ, ಕ್ಯಾನ್ಸಲ್ ಅಂತ ನೋಟಿಸ್ ಹಾಕಿಸ್ತೀನಿ. ಯಾರಿಗೂ ಮಾರ್ಕ್ಸ್ ಇಲ್ಲ, ಯಾರ ಮ್ಯಾಲೂ ತಪ್ಪಿಲ್ಲ. ಮೇಡಂ ಪತ್ರಾ ಕೊಡೂದು ಬ್ಯಾಡ. ನಿಮ್ಮ ನೌಕರೀನೂ ಉಳೀತೈತಿ. ಇದೊಂದು ಬೋರ್ಡ್ ಒರಸಿಬಿಡ್ರಿ ನಯಾಜ ಸರ್, ಮುಗೀತು."

ಎಲ್ಲರೂ ಉಳಿಯುವ ದಾರಿ. ಇಪ್ಪತ್ತಾರು ಮಂದಿಯ ಎರಡೆರಡು ಸಾಲು ಮಾತ್ರ ಉಳಿಯದ ದಾರಿ. ಸುರೇಖಾ ಇನ್ನೂ ನಿಂತೇ ಇದ್ದಳು. ತರನ್ನುಮ ಅವನತ್ತ ನೋಡಲಿಲ್ಲ, ಅವನ ಪಕ್ಕದಿಂದ ಕದಲಲೂ ಇಲ್ಲ.

"ಒರಸ್ರಿ," ಅಂದರು ಹಾಲಸಿದ್ದಪ್ಪ, ಈ ಸಲ ಇಡೀ ತರಗತಿಗೆ ಕೇಳುವಂತೆ. "ಒರಸಲಿಲ್ಲಂದ್ರ ಮುಂದಿನ ಸೆಮಿಸ್ಟರಿಗೆ ಕರೀತೀನಂತ ತಿಳಕೋಬ್ಯಾಡ್ರಿ."

"ಒರಸೂದಿಲ್ರಿ ಸರ್," ಅಂದ ನಯಾಜ. ದನಿ ಹಿಂದಿನ ಬೆಂಚಿನವರೆಗೂ ಹೋಯಿತು.